ಡಿಗ್ರಿಯಪ್ಪನವರ ಕಾರಿನೊಳಗಿನ ಮಂಜುಗಡ್ಡೆ

ಡಿಗ್ರಿಯಪ್ಪನವರಿಗೆ ಯಾವ ಡಿಗ್ರಿಯೂ ಇರಲಿಲ್ಲ. ಹೈಸ್ಕೂಲು ಮುಗಿಸಿ ಹವಾಮಾನ ಕಚೇರಿಗೆ ಸೇರಿದವರು. ಗುಡ್ಡದ ಮೇಲಿನ ವೀಕ್ಷಣಾಲಯದಲ್ಲಿ ದಿನಾ ಬೆಳಗ್ಗೆ ಎಂಟು ಗಂಟೆಗೆ ಸರಿಯಾಗಿ ಬಿಳಿಯ ಜಾಲರಿ ಪೆಟ್ಟಿಗೆಯ ಬಾಗಿಲು ತೆಗೆದು, ಒಳಗಿನ ಥರ್ಮಾಮೀಟರುಗಳನ್ನು ಓದಿ ರಿಜಿಸ್ಟರಿನಲ್ಲಿ ಬರೆಯುವುದು ಅವರ ಕೆಲಸ. ಇಪ್ಪತ್ತೆರಡು ವರ್ಷ ಡಿಗ್ರಿಗಳನ್ನೇ ಓದಿದ ಮನುಷ್ಯನಿಗೆ ಅದೇ ಪದವಿ ಇರಲಿ ಎಂದು ಊರಿನವರು ತೀರ್ಮಾನಿಸಿದ್ದರು. ಅವರ ನಿಜವಾದ ಹೆಸರು ಸಂಬಳದ ಪಟ್ಟಿಯಲ್ಲಿ ಮಾತ್ರ ಉಳಿದುಕೊಂಡಿತ್ತು.

ಮನೆಯಲ್ಲೂ ಅವರು ಡಿಗ್ರಿಯಲ್ಲೇ ಮಾತಾಡುತ್ತಿದ್ದರು.

"ಕಾಫಿ ನಲವತ್ತೈದಕ್ಕೆ ಇಳಿದಿದೆ ಕಣೇ."

"ನನ್ನ ತಲೆ ನೂರಕ್ಕೆ ಏರಿದೆ. ಅದನ್ನೂ ಬರ್ಕೊಳ್ಳಿ," ಎನ್ನುತ್ತಿದ್ದರು ಹೆಂಡತಿ.

ಆ ಇಪ್ಪತ್ತೆರಡು ವರ್ಷದಲ್ಲಿ ಅವರು ಒಂದು ದಿನವೂ ಎಂಟು ಗಂಟೆಯ ಓದು ತಪ್ಪಿಸಿರಲಿಲ್ಲ. ಜ್ವರ ಬಂದಾಗ ಮೊದಲು ಜಾಲರಿ ಪೆಟ್ಟಿಗೆಯ ಥರ್ಮಾಮೀಟರು ನೋಡಿ, ಆಮೇಲೆ ತಮ್ಮ ಬಾಯಲ್ಲಿದ್ದ ಥರ್ಮಾಮೀಟರು ನೋಡಿಕೊಂಡಿದ್ದರು. ಮನೆಯಿಂದ ಗುಡ್ಡಕ್ಕೆ ಐದು ಕಿಲೋಮೀಟರು. ಸೈಕಲ್ಲಿನಲ್ಲಿ ಹೋಗುತ್ತಿದ್ದರು. ಎಲ್ಲ ಸುಸೂತ್ರವಾಗಿತ್ತು, ಬಡ್ತಿ ಬರುವವರೆಗೆ.

'ಹಿರಿಯ ವೀಕ್ಷಕ' ಎಂಬ ಬೋರ್ಡು ಮೇಜಿನ ಮೇಲೆ ಬಂದು ಕೂತ ದಿನವೇ ಸೈಕಲ್ಲು ಅವರ ಕಣ್ಣಿಗೆ ಸಣ್ಣದಾಗಿ ಕಾಣತೊಡಗಿತು. ಅದೇ ಸಮಯಕ್ಕೆ ಊರಿನ ಹಲ್ಲಿನ ಡಾಕ್ಟರು ಕ್ಲಿನಿಕ್ಕು ಮುಚ್ಚಿ ಮಗಳ ಊರಿಗೆ ಹೊರಟಿದ್ದರು. ಅವರ ಹತ್ತಿರ ಒಂದು ಹಳೆಯ ಇಂಗ್ಲೆಂಡಿನ ಕಾರಿತ್ತು. ಬಟಾಣಿ ಬಣ್ಣ, ಉಬ್ಬಿದ ಕೆನ್ನೆ, ದುಂಡು ದೀಪಗಳು. ಎದುರಿನಿಂದ ನೋಡಿದರೆ ಯಾರೋ ಸೀನು ತಡೆದುಕೊಂಡ ಹಾಗೆ ಕಾಣುತ್ತಿತ್ತು. ಡಿಗ್ರಿಯಪ್ಪನವರು ಅದನ್ನು ನೋಡಿದರು, ಅದೂ ಅವರನ್ನು ನೋಡಿತು. ವಾರದೊಳಗೆ ಕಾರು ಇವರ ಮನೆಯ ಮುಂದೆ ನಿಂತಿತ್ತು. ಸೈಕಲ್ಲನ್ನು ವೀಕ್ಷಣಾಲಯದ ಮಾಲಿಗೆ ನಾಲ್ಕು ಜನರ ಎದುರಿಗೆ, ಎರಡು ಮಾತಾಡಿ, ದಾನ ಮಾಡಿಬಿಟ್ಟರು.

"ಇದು ಚಳಿಗಾಲಕ್ಕೆ ತಡೆಯುತ್ತಾ?" ಎಂದು ಎದುರುಮನೆಯ ಮೇಷ್ಟ್ರು ಕೇಳಿದರು.

ಡಿಗ್ರಿಯಪ್ಪನವರು ಬಾನೆಟ್ಟಿನ ಮೇಲೆ ಕೈಯಿಟ್ಟು ನಕ್ಕರು. "ಇಂಗ್ಲೆಂಡಿನ ಗಾಡಿ ಮೇಷ್ಟ್ರೇ! ಚಳಿ, ಮಂಜು, ತುಂತುರು ಅಂದ್ರೆ ಇದಕ್ಕೆ ತವರುಮನೆ ಇದ್ದ ಹಾಗೆ."

ಈ ಮಾತು ಇಡೀ ಬೀದಿಗೆ ಕೇಳಿಸಿತು. ಕೇಳಿಸಲಿ ಎಂದೇ ಅವರು ಹೇಳಿದ್ದರು.

ಬೇಸಿಗೆಯಲ್ಲಿ ಕಾರು ಚೆನ್ನಾಗಿಯೇ ಓಡಿತು. ಮೊದಲ ಮಂಜು ಬಿದ್ದ ಬೆಳಗ್ಗೆ ಮನೆಯಿಂದ ನಾಲ್ಕು ಕಿಲೋಮೀಟರು ಹೋಗಿ, ಗುಡ್ಡ ಏರುವ ಮುಂಚಿನ ತಿರುವಿನಲ್ಲಿ ಡಿಗ್ರಿಯಪ್ಪನವರು ವೇಗ ತಗ್ಗಿಸಿದ್ದೇ ತಡ, ಒಮ್ಮೆ ಕೆಮ್ಮಿತು, ಎರಡು ಸಲ ಬಿಕ್ಕಳಿಸಿತು, ನಿಂತುಹೋಯಿತು. ಎಷ್ಟು ಸ್ಟಾರ್ಟ್ ಮಾಡಿದರೂ ಜಪ್ಪಯ್ಯ ಅನ್ನಲಿಲ್ಲ.

ಆ ತಿರುವಿನಲ್ಲಿ ಒಂದೇ ಒಂದು ಅಂಗಡಿ. ಅದು ಕ್ಷೌರದಂಗಡಿ. ಕ್ಷೌರದವನು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಾಗಿಲಿಗೆ ಬಂದ.

"ಬನ್ನಿ ಸಾರ್, ಬಿಸಿನೀರು ರೆಡಿ ಇದೆ."

"ನಾನು ಶೇವಿಂಗಿಗೆ ಬಂದಿಲ್ಲಪ್ಪ, ಗಾಡಿ ನಿಂತಿದೆ."

"ಅದು ನಿಂತಿರುತ್ತೆ ಸಾರ್, ಎಲ್ಲೂ ಹೋಗಲ್ಲ. ನೀವು ಕೂತ್ಕೊಳ್ಳಿ."

ಬೇರೆ ಏನು ಮಾಡಲೂ ತೋಚದೆ ಡಿಗ್ರಿಯಪ್ಪನವರು ಕೂತರು. ಹತ್ತು ನಿಮಿಷದಲ್ಲಿ ಶೇವಿಂಗು ಮುಗಿಯಿತು. ಹೊರಗೆ ಬಂದು ಕೀಲಿ ತಿರುಗಿಸಿದರೆ ಕಾರು ಏನೂ ಆಗೇ ಇಲ್ಲವೆಂಬಂತೆ ಗುರ್ ಎಂದು ಎದ್ದು ಕೂತಿತು! ಗುಡ್ಡ ಏರಿ ಜಾಲರಿ ಪೆಟ್ಟಿಗೆ ತೆಗೆದಾಗ ಎಂಟು ಗಂಟೆ ಹನ್ನೆರಡು ನಿಮಿಷ. ಇಪ್ಪತ್ತೆರಡು ವರ್ಷದ ವ್ರತ ಭಂಗವಾಯಿತು.

ಮರುದಿನ ಅದೇ ತಿರುವು, ಅದೇ ಕೆಮ್ಮು, ಅದೇ ಟವೆಲ್ಲು. ಅದರ ಮರುದಿನವೂ ಅಷ್ಟೇ. ಆಮೇಲೆ ಎರಡು ದಿನ ಬಿಸಿಲು ಬಂತು. ಕಾರು ಅಂಗಡಿಯನ್ನು ತಿರುಗಿಯೂ ನೋಡದೆ ಗುಡ್ಡ ಹತ್ತಿತು. ಇನ್ನೇನು ಸರಿಹೋಯಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಮಂಜು, ಮತ್ತೆ ಕೆಮ್ಮು.

ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಬರುವಷ್ಟರಲ್ಲಿ ಕಾರು, ಮನೆಗೆ ನೆಂಟರು ಬಂದಾಗ ಕೈಕಟ್ಟಿ ಕೂತ ಮಗುವಿನ ಹಾಗೆ, ಸದ್ದಿಲ್ಲದೆ ಸರಿಯಾಗಿ ಓಡುತ್ತಿತ್ತು. ಅವನು ಪ್ಲಗ್ಗು ಬದಲಾಯಿಸಿದ. ಪೆಟ್ರೋಲ್ ಪೈಪು ಊದಿದ. ಟ್ಯಾಂಕಿನೊಳಗೆ ಟಾರ್ಚು ಬಿಟ್ಟು ಇಣುಕಿದ. ನಾಲ್ಕನೆಯ ಸಲ ಕೈ ಒರೆಸಿಕೊಂಡು ಡಿಗ್ರಿಯಪ್ಪನವರನ್ನೇ ಮೇಲಿಂದ ಕೆಳಗೆ ನೋಡಿದ.

"ಗಾಡಿಗೇನೂ ಆಗಿಲ್ಲ ಸಾರ್. ನೀವೊಂದ್ಸಲ ಯಾರಿಗಾದ್ರೂ ತೋರಿಸ್ಕೊಳ್ಳಿ."

"ನನಗೇನಾಗಿದೆಯೋ?"

"ಅಲ್ಲ ಸಾರ್, ದಿನಾ ಕ್ಷೌರದಂಗಡಿ ಮುಂದೇನೇ ಯಾಕೆ ನಿಲ್ಲುತ್ತೆ? ಕಾಲು ತಾನಾಗೇ ಬ್ರೇಕಿಗೆ ಹೋಗುತ್ತೇನೋ."

ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದವನು ಅವನೊಬ್ಬನೇ ಅಲ್ಲ. ಮೇಷ್ಟ್ರು ಬೆಳಗಿನ ವಾಕಿಂಗಿನಲ್ಲಿ ಆ ತಿರುವಿನವರೆಗೆ ಹೋಗುತ್ತಿದ್ದರು. ಬಟಾಣಿ ಬಣ್ಣದ ಕಾರನ್ನೂ ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕೂತ ಡಿಗ್ರಿಯಪ್ಪನವರನ್ನೂ ಕಣ್ಣಾರೆ ಕಂಡು, ಮನೆಗೆ ಬಂದು ಹೆಂಡತಿಗೆ ಹೇಳಿದರು. ಅವರ ಹೆಂಡತಿ ಬಟ್ಟೆ ಒಣಹಾಕುವ ನೆಪದಲ್ಲಿ ಮುಂದಿನ ಅಂಗಳದ ಗೋಡೆಯ ಮೇಲಿನಿಂದ ಬೀದಿಯಾಚೆಯ ಡಿಗ್ರಿಯಪ್ಪನವರ ಹೆಂಡತಿಗೆ ಸುದ್ದಿ ಮುಟ್ಟಿಸಿದರು.

"ನಿಮ್ಮ ಯಜಮಾನ್ರು ಈಗೀಗ ದಿನಾ ಶೇವಿಂಗ್ ಮಾಡಿಸ್ಕೊಂಡೇ ಆಫೀಸಿಗೆ ಹೋಗೋದಂತೆ! ಒಳ್ಳೇದೇ ಬಿಡಿ. ಆಫೀಸಿಗೆ ಹೊಸ ಮೇಡಂ ಬಂದಿದಾರಂತಲ್ಲ."

ಸಂಜೆ ಡಿಗ್ರಿಯಪ್ಪನವರು ಚಪ್ಪಲಿ ಬಿಡುವ ಮುಂಚೆಯೇ ವಿಚಾರಣೆ ಶುರುವಾಯಿತು. ಹೆಂಡತಿ ಅವರ ಗಲ್ಲ ಹಿಡಿದು ದೀಪದ ಕಡೆ ತಿರುಗಿಸಿದರು.

"ಮದುವೆಯಾದಾಗಿನಿಂದ ಬಡ್ಕೋತಾ ಇದೀನಿ, ದಿನಾ ಗಡ್ಡ ತೆಗೀರಿ ಅಂತ. ವಾರಕ್ಕೆರಡು ಸಲ ತೆಗೆದ್ರೆ ಹೆಚ್ಚು. ಈಗೇನಿದು? ಗಲ್ಲ ಕನ್ನಡಿ ಹಾಗಿದೆ!"

"ಕಾರು ನಿಲ್ಲುತ್ತೆ ಕಣೇ…"

"ಕಾರು ನಿಂತ್ರೆ ಮೆಕ್ಯಾನಿಕ್ ಹತ್ರ ಹೋಗ್ತಾರೆ. ಮುಖಕ್ಕೆ ಸೋಪು ಹಚ್ಚಿಸ್ಕೊಳ್ತಾರಾ? ಜೊತೆಗೆ ಇದೇನ್ರೀ ಲೋಷನ್ ವಾಸನೆ?"

"ಅದು ಅವನೇ ಬಿಟ್ಟಿ ಹಾಕೋದು ಕಣೇ, ದಿನಾ ಬರ್ತೀನಲ್ಲ ಅಂತ!"

ಇದಕ್ಕಿಂತ ಕೆಟ್ಟ ಉತ್ತರವನ್ನು ಅವರು ಕೊಡಲು ಸಾಧ್ಯವಿರಲಿಲ್ಲ. ಆ ಸಂಜೆ ಮನೆಯ ಉಷ್ಣಾಂಶ ಸೊನ್ನೆಗಿಂತ ಕೆಳಗಿತ್ತು. ಬರೆದುಕೊಳ್ಳುವ ಧೈರ್ಯ ಅವರಿಗಾಗಲಿಲ್ಲ.

ಇನ್ನು ಕಚೇರಿಯ ಹೊಸ ಮೇಡಂ. ಅವರಿಗೆ ಡಿಗ್ರಿಯಪ್ಪನವರ ಗಲ್ಲದಲ್ಲಿ ಆಸಕ್ತಿ ಇರಲಿಲ್ಲ, ಗಡಿಯಾರದಲ್ಲಿತ್ತು. ತಿಂಗಳಲ್ಲಿ ಹನ್ನೊಂದು ದಿನ ಎಂಟು ಗಂಟೆಯ ಓದು ತಡವಾಗಿತ್ತು. ಮೇಲಿನ ಕಚೇರಿಯಿಂದ ಪತ್ರ ಬಂದಿತ್ತು. ಮೇಡಂ ಡಿಗ್ರಿಯಪ್ಪನವರನ್ನು ಎದುರಿಗೆ ನಿಲ್ಲಿಸಿಕೊಂಡರು.

"ಏನ್ರೀ ಇದು? ತಡವಾಗಿ ಬರ್ತೀರಿ, ಸರಿ. ಓಡೋಡಿ ಬಂದ ಹಾಗೂ ಕಾಣಲ್ಲ. ಮದುವೆ ಗಂಡಿನ ಹಾಗೆ ಘಮಘಮ ಅಂತ ಬರ್ತೀರಿ! ಮೊದಲಿನ ಹಾಗೆ ಸೈಕಲ್ಲಲ್ಲಿ ಬರೋಕೇನು?"

ಸೈಕಲ್ಲಿನ ಮೇಲೆ ಮಾಲಿ ಆಗ ತಾನೇ ಕಿಟಕಿಯ ಆಚೆ ಬೆಲ್ಲು ಹೊಡೆಯುತ್ತ ಹಾದುಹೋದ. ನಾಲ್ಕು ಜನರ ಎದುರು ಕೊಟ್ಟದ್ದನ್ನು ಯಾವ ಮುಖ ಇಟ್ಟುಕೊಂಡು ವಾಪಸು ಕೇಳುವುದು? ನಡೆದುಕೊಂಡು ಬರಬಹುದಿತ್ತು, ಕಾಲು ಗಂಟೆ ಮುಂಚೆ ಹೊರಡಲೂಬಹುದಿತ್ತು. ಆದರೆ ತವರುಮನೆಯ ಮಾತು ಕೇಳಿದ ಇಡೀ ಬೀದಿ ಕಿಟಕಿಯಲ್ಲಿ ನಿಂತು ನೋಡುತ್ತಿತ್ತು.

"ನಾಳೆಯೊಳಗೆ ಲಿಖಿತ ಕಾರಣ ಕೊಡಿ," ಎಂದರು ಮೇಡಂ. "ಸರಿಯಾದ ಕಾರಣ ಇಲ್ದಿದ್ರೆ ನಿಮ್ಮನ್ನ ಕೆಳಗಿನ ದಾಖಲೆ ಕೋಣೆಗೆ ಹಾಕ್ತೀನಿ. ಬೆಳಗಿನ ಓದು ಬೇರೆಯವರು ನೋಡ್ಕೋತಾರೆ."

ದಾಖಲೆ ಕೋಣೆಗೆ ಕಿಟಕಿ ಇಲ್ಲ. ಅಲ್ಲಿ ಹೋದವನಿಗೆ ಹೊರಗೆ ಬಿಸಿಲೋ ಮಳೆಯೋ ಬೇರೆಯವರು ಹೇಳಬೇಕು. ಡಿಗ್ರಿಯಪ್ಪನವರ ಕಣ್ಣು ತುಂಬಿ ಬಂತು. ಕಾರಣ ಬರೆಯಲು ಕೂತವರು, ತಡವಾದ ತಾರೀಖುಗಳನ್ನು ಮೊದಲು ಗುರುತು ಮಾಡಿಕೊಳ್ಳೋಣವೆಂದು ರಿಜಿಸ್ಟರು ಬಿಚ್ಚಿ ಒಂದೊಂದೇ ತಾರೀಖಿನ ಮುಂದೆ ಪೆನ್ಸಿಲಿನಿಂದ ಚುಕ್ಕಿ ಇಡುತ್ತ ಹೋದರು.

ಐದನೆಯ ಚುಕ್ಕಿಯ ಹೊತ್ತಿಗೆ ಅವರ ಪೆನ್ಸಿಲು ನಿಂತಿತು. ಚುಕ್ಕಿಯ ಪಕ್ಕದಲ್ಲಿ ತಮ್ಮದೇ ದುಂಡು ಅಕ್ಷರದಲ್ಲಿ ಬರೆದಿತ್ತು: ಉಷ್ಣಾಂಶ ಐದು ಡಿಗ್ರಿ, ತೇವಾಂಶ ತೊಂಬತ್ತಾರು. ಮುಂದಿನ ಚುಕ್ಕಿ: ಏಳು ಡಿಗ್ರಿ, ತೊಂಬತ್ತೈದು. ಅದರ ಮುಂದಿನದು: ನಾಲ್ಕು ಡಿಗ್ರಿ, ತೊಂಬತ್ತೆಂಟು. ಹನ್ನೊಂದು ದಿನವೂ ಹಾಗೇ! ಮಧ್ಯೆ ಒಂದು ದಿನ ಸೊನ್ನೆಗೇ ಇಳಿದಿತ್ತು, ಆದರೆ ಗಾಳಿ ಒಣಗಿತ್ತು. ಆ ದಿನ ಕಾರು ನಿಂತೇ ಇರಲಿಲ್ಲ.

ಅವರು ಎದ್ದು ನೇರವಾಗಿ ಮೆಕ್ಯಾನಿಕ್ಕಿನ ಶೆಡ್ಡಿಗೆ ಹೋದರು.

"ಕಾರ್ಬುರೇಟರ್ ಒಳಗೆ ಏನು ನಡೆಯುತ್ತಪ್ಪ?"

"ಏನ್ ನಡೆಯುತ್ತೆ ಸಾರ್. ಗಾಳಿ ರಭಸವಾಗಿ ಒಳಗೆ ಬರುತ್ತೆ, ಅದಕ್ಕೆ ಪೆಟ್ರೋಲ್ ಹನಿ ಹನಿಯಾಗಿ ಸೇರಿ ಆವಿಯಾಗುತ್ತೆ, ಎಂಜಿನ್‌ಗೆ ಹೋಗುತ್ತೆ."

"ಆವಿಯಾಗುತ್ತೆ?"

"ಆಗ್ಲೇಬೇಕಲ್ಲ ಸಾರ್." ಅವನು ಕೈ ತೊಳೆಯಲು ಇಟ್ಟುಕೊಂಡಿದ್ದ ಪೆಟ್ರೋಲನ್ನು ಡಿಗ್ರಿಯಪ್ಪನವರ ಅಂಗೈ ಮೇಲೆ ನಾಲ್ಕು ಹನಿ ಬಿಟ್ಟ. ಅಂಗೈ ತಣ್ಣಗೆ ಕೊರೆಯಿತು.

ಡಿಗ್ರಿಯಪ್ಪನವರು ಆ ಅಂಗೈಯನ್ನೇ ನೋಡುತ್ತ ನಿಂತರು. ಅವರ ಜಾಲರಿ ಪೆಟ್ಟಿಗೆಯಲ್ಲಿ ಒಂದು ಥರ್ಮಾಮೀಟರಿಗೆ ಸದಾ ಒದ್ದೆ ಬಟ್ಟೆ ಸುತ್ತಿರುತ್ತದೆ. ಬಟ್ಟೆಯ ನೀರು ಆರುವಾಗ ಪಾದರಸ ಕೆಳಗಿಳಿಯುತ್ತದೆ. ಇಪ್ಪತ್ತೆರಡು ವರ್ಷ ದಿನಾ ಕಂಡ ಸಂಗತಿ!

"ಅಯ್ಯೋ ಪುಣ್ಯಾತ್ಮಾ! ಇದು ಕಾರಲ್ಲ ಕಣೋ, ಒದ್ದೆ ಬಟ್ಟೆ ಥರ್ಮಾಮೀಟರು! ಪೆಟ್ರೋಲು ಆವಿಯಾಗಿ ಗಾಳಿ ತಣ್ಣಗಾಗುತ್ತೆ. ಹೊರಗೆ ಐದು ಡಿಗ್ರಿ ಇದ್ರೆ ಒಳಗೆ ಸೊನ್ನೆಗಿಂತ ಕೆಳಗೆ. ಮಂಜಿನ ತೇವ ಒಳಗೆ ಹೋಗಿ ಗಡ್ಡೆ ಕಟ್ಟುತ್ತೆ. ತಿರುವಲ್ಲಿ ನಾನು ಆಕ್ಸಿಲರೇಟರಿಂದ ಕಾಲು ತೆಗೆದ ಕೂಡ್ಲೇ ಗಾಳಿಯ ದಾರಿ ಮುಚ್ಚಿಹೋಗುತ್ತೆ. ಹತ್ತು ನಿಮಿಷ ಬಿಟ್ರೆ ಎಂಜಿನ್ನಿನ ಕಾವಿಗೆ ಕರಗುತ್ತೆ!"

ಮೆಕ್ಯಾನಿಕ್ಕು ಸ್ಟೂಲು ಎಳೆದು ಅವರನ್ನು ಕೂರಿಸಿದ. "ನೀರು ಕುಡೀರಿ ಸಾರ್."

ಮರುದಿನ ಮೇಡಂ ಕೈಗೆ ಸಿಕ್ಕಿದ ಕಾಗದದಲ್ಲಿ ಒಂದೇ ಸಾಲಿತ್ತು: 'ಎಂಜಿನ್ನಿನೊಳಗೆ ಮಂಜುಗಡ್ಡೆ ಕಟ್ಟಿದ್ದರಿಂದ ತಡವಾಯಿತೆಂದು ವಿನಯಪೂರ್ವಕವಾಗಿ ತಿಳಿಸುತ್ತೇನೆ.' ಮೇಡಂ ಅದನ್ನು ಎರಡು ಸಲ ಓದಿದರು. ಕನ್ನಡಕ ತೆಗೆದು ಮೂರನೆಯ ಸಲ ಓದಿದರು.

"ನಿಮ್ಮ ಎಂಜಿನ್ ಮುಟ್ಟಿದ್ರೆ ಕೈ ಸುಡುತ್ತಲ್ಲವೇನ್ರೀ?"

"ಸುಡುತ್ತೆ ಮೇಡಂ."

"ಅದರೊಳಗೆ ಐಸು."

"ಹೌದು ಮೇಡಂ. ಪಕ್ಕದಲ್ಲೇ."

ಮೇಡಂ ಕೋಪಿಸಿಕೊಳ್ಳಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು. "ನಾಳೆ ಬೆಳಗ್ಗೆ ನಾನೇ ನಿಮ್ಮ ಕಾರಲ್ಲಿ ಬರ್ತೀನಿ. ಐಸು ತೋರಿಸಿ," ಎಂದರು.

ಮರುದಿನ ಆಕಾಶ ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿತ್ತು. ಕಾರು ಕುದುರೆಯ ಹಾಗೆ ಓಡಿತು. ಡಿಗ್ರಿಯಪ್ಪನವರು ಮನಸ್ಸಿನಲ್ಲೇ ಅದರ ಕಾಲು ಹಿಡಿದುಕೊಂಡರು: 'ಒಂದೇ ಒಂದು ಸಲ ಕೆಮ್ಮು ತಾಯಿ!' ಅದು ಕೆಮ್ಮಲಿಲ್ಲ. ತಿರುವಿನಲ್ಲಿ ಕ್ಷೌರದವನು ಟವೆಲ್ಲು ಎತ್ತಿಕೊಂಡು ಓಡಿ ಬಂದವನು, ಕಾರು ನಿಲ್ಲದೆ ಹೋದದ್ದನ್ನು ಕಂಡು ಬಾಯಿ ತೆರೆದು ನಿಂತ.

"ಎಲ್ರೀ ನಿಮ್ಮ ಐಸು?"

"ಇವತ್ತು ತೇವಾಂಶ ಸಾಲದು ಮೇಡಂ."

"ಸಬೂಬಿಗೂ ತೇವಾಂಶ ಬೇಕೇನ್ರೀ?"

"ಗುರುವಾರ ಬನ್ನಿ ಮೇಡಂ, ದಮ್ಮಯ್ಯ. ಗುರುವಾರ ಐದು ಡಿಗ್ರಿ, ತೇವಾಂಶ ತೊಂಬತ್ತೇಳು. ದಟ್ಟ ಮಂಜು."

"ಗುರುವಾರ ಶುಭ್ರ ಆಕಾಶ ಅಂತ ಮುನ್ಸೂಚನೆ ಬರೆದು ಸಹಿ ಹಾಕಿದವಳು ನಾನು."

"ಇರಬಹುದು ಮೇಡಂ. ನನ್ನ ಎಡ ಮೊಣಕಾಲು ಬೇರೆ ಥರ ಹೇಳ್ತಿದೆ."

ಮೇಡಂ ಸ್ವಲ್ಪ ಹೊತ್ತು ಆ ಮೊಣಕಾಲನ್ನೇ ನೋಡಿದರು. "ಸರಿ, ಗುರುವಾರ. ಅವತ್ತೂ ಆಗಲಿಲ್ಲ ಅಂದ್ರೆ ಶುಕ್ರವಾರದಿಂದ ದಾಖಲೆ ಕೋಣೆ."

ಗುರುವಾರ ಬೆಳಗ್ಗೆ ಡಿಗ್ರಿಯಪ್ಪನವರು ಬಾಗಿಲು ತೆಗೆದರೆ ಎದುರುಮನೆ ಇರಲಿಲ್ಲ. ಬೀದಿಯೇ ಇರಲಿಲ್ಲ. ಬರೀ ಬಿಳಿ ಮಂಜು. ಅವರು ಅಲ್ಲೇ ಮೊಣಕಾಲನ್ನು ಸವರಿಕೊಂಡರು.

ಅವತ್ತು ಕಾಲು ಗಂಟೆ ಮುಂಚೆಯೇ ಹೊರಟರು. ಕಾರಿನ ಮುಂದಿನ ಸೀಟಿನಲ್ಲಿ ಮೇಡಂ. ಹಿಂದೆ ಸಾಮಾನಿನ ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡ ಮೆಕ್ಯಾನಿಕ್ಕು. ಅವನ ಪಕ್ಕ ಯಾರೂ ಕರೆಯದಿದ್ದರೂ ಬಂದು ಕೂತ ಹೆಂಡತಿ. "ಈ ಶೇವಿಂಗ್ ಏನು ಅಂತ ನಾನೂ ಕಣ್ಣಾರೆ ನೋಡ್ಬೇಕು," ಎಂದಿದ್ದರು. ಮೇಡಂ ಹಿಂದೆ ತಿರುಗಿ ನಮಸ್ಕಾರ ಹೇಳಿದರು. ಹೆಂಡತಿ ಮೇಡಂ ಅವರ ನರೆತ ಕೂದಲು, ಕಟ್ಟುನಿಟ್ಟಿನ ಮುಖ ನೋಡಿ ಅರ್ಧ ಸಮಾಧಾನ ಪಟ್ಟರು.

ಮೊದಲ ಎರಡು ಕಿಲೋಮೀಟರು ಕಾರು ಸರಿಯಾಗಿಯೇ ಓಡಿತು. ಮೂರನೆಯ ಕಿಲೋಮೀಟರಿನಲ್ಲಿ ಎಂಜಿನ್ನಿನ ದನಿ ಸ್ವಲ್ಪ ಗೊಗ್ಗರಾಯಿತು. ಮೆಕ್ಯಾನಿಕ್ಕು ಕಿವಿ ನಿಮಿರಿಸಿದ. ತಿರುವು ಬಂತು. ಡಿಗ್ರಿಯಪ್ಪನವರು ಕಾಲು ತೆಗೆದರು. ಕೆಮ್ಮು. ಬಿಕ್ಕಳಿಕೆ. ನಿಶ್ಶಬ್ದ.

"ನಿಂತಿತು!" ಎಂದು ಡಿಗ್ರಿಯಪ್ಪನವರು ಚಪ್ಪಾಳೆ ತಟ್ಟಿದರು. "ನಿಂತೇಬಿಟ್ತು!" ಎಂದು ಹೆಂಡತಿ ಕೂಗಿದರು. ಲೋಕದಲ್ಲಿ ಕಾರು ಕೆಟ್ಟಾಗ ಇಷ್ಟು ಸಂತೋಷಪಟ್ಟ ಕುಟುಂಬ ಇನ್ನೊಂದಿರಲಾರದು.

ಕ್ಷೌರದವನು ಬಾಗಿಲಿಗೆ ಬಂದು ಒಳಗಿದ್ದವರನ್ನು ಎಣಿಸಿದ. "ಇವತ್ತು ಎಲ್ರಿಗೂನಾ ಸಾರ್?"

ಮೆಕ್ಯಾನಿಕ್ಕು ಒಂದೇ ನೆಗೆತಕ್ಕೆ ಇಳಿದು ಬಾನೆಟ್ಟು ಎತ್ತಿ, ಗಾಳಿ ಶೋಧಿಸುವ ಡಬ್ಬಿಯನ್ನು ಕಳಚಿ, ಟಾರ್ಚು ಹಾಕಿದ. ಕಾರ್ಬುರೇಟರಿನ ಗಂಟಲಲ್ಲಿ ಬೆಳ್ಳಗೆ ಗಡ್ಡೆ ಕಟ್ಟಿ ಕೂತಿತ್ತು. ಹೆಂಡತಿ ಬೆರಳು ಹಾಕಿ ಮುಟ್ಟಿ, "ಅಯ್ಯಮ್ಮಾ, ಫ್ರಿಜ್ಜಿನೊಳಗಿನ ಹಾಗೇ ಇದೆಯಲ್ರೀ!" ಎಂದರು.

"ಮೇಡಂ, ಬೇಗ ಬನ್ನಿ! ಕರಗುತ್ತೆ!"

ಮೇಡಂ ಬರಲಿಲ್ಲ. ಅವರ ಕಡೆಯ ಬಾಗಿಲು ಒಳಗಿನಿಂದ ತೆರೆಯುವುದಿಲ್ಲ ಎಂಬುದನ್ನು ಡಿಗ್ರಿಯಪ್ಪನವರು ಸಡಗರದಲ್ಲಿ ಮರೆತಿದ್ದರು. ಮೇಡಂ ಗಾಜು ಬಡಿಯುತ್ತಿದ್ದರು. ಹೊರಗಿನಿಂದ ಡಿಗ್ರಿಯಪ್ಪನವರು ಎಳೆದರು, ಹಿಡಿಕೆ ಕೈಗೆ ಬಂತು! ಎಂಜಿನ್ನಿನ ಕಾವಿಗೆ ಇಲ್ಲಿ ಗಡ್ಡೆಯಿಂದ ಹನಿ ತೊಟ್ಟಿಕ್ಕತೊಡಗಿತ್ತು. ಕೊನೆಗೆ ಒಂದು ಇಲಾಖೆಯ ಮುಖ್ಯಸ್ಥರು ಗೇರಿನ ಕೋಲನ್ನು ದಾಟಿ, ಸ್ಟಿಯರಿಂಗಿನಡಿ ನುಸುಳಿ, ದಾರಿಯಲ್ಲಿ ಎರಡು ಸಲ ಹಾರನ್ನು ಒತ್ತಿ, ಡ್ರೈವರಿನ ಬಾಗಿಲಿನಿಂದ ಹೊರಬಂದು ಓಡಿದರು.

ಗಡ್ಡೆಯಲ್ಲಿ ಉಳಿದಿದ್ದದ್ದು ಅಂಗಿಯ ಗುಂಡಿಯಷ್ಟು. ಮೇಡಂ ಅದರ ಮೇಲೆ ಬೆರಳಿಟ್ಟರು. ಅದು ಬೆರಳ ತುದಿಯಲ್ಲೇ ಕರಗಿ ನೀರಾಯಿತು. ಅವರು ಆ ಬೆರಳನ್ನು ನೋಡಿದರು, ಡಿಗ್ರಿಯಪ್ಪನವರನ್ನು ನೋಡಿದರು.

"ಒದ್ದೆ ಬಟ್ಟೆ ಥರ್ಮಾಮೀಟರು," ಎಂದರು ಮೆಲ್ಲಗೆ. "ನನಗೇ ಹೊಳೀಬೇಕಿತ್ತು."

"ಟೈಮಾಗ್ತಾ ಇದೆಯಲ್ರೀ!" ಎಂದರು ಹೆಂಡತಿ. ಏಳು ನಲವತ್ತೆಂಟಾಗಿತ್ತು. ಅವರು ಮಾತಾಡುತ್ತಲೇ ಡಬ್ಬಿಯ ಮೇಲಿನ ಎಣ್ಣೆಜಿಡ್ಡನ್ನು ಕರ್ಚೀಫಿನಿಂದ ಒರೆಸುತ್ತಿದ್ದರು. ಕೊಳೆ ಕಂಡರೆ ಅವರ ಕೈ ಸುಮ್ಮನಿರುತ್ತಿರಲಿಲ್ಲ. "ಇದೇನ್ರೀ, ಇಲ್ಲೇನೋ ಬರೆದಿದೆ?"

ಡಬ್ಬಿಯ ಅಂಚಿನಲ್ಲಿ ಇಂಗ್ಲಿಷಿನಲ್ಲಿ ಎರಡು ಪದಗಳಿದ್ದವು. ಒಂದು ಕಡೆ ಬೇಸಿಗೆ, ಇನ್ನೊಂದು ಕಡೆ ಚಳಿಗಾಲ. ಡಬ್ಬಿಯ ಗಾಳಿ ಎಳೆಯುವ ಮೂತಿ ಬೇಸಿಗೆಯ ಗುರುತಿಗೆ ತಿರುಗಿತ್ತು.

ಮೆಕ್ಯಾನಿಕ್ಕು ಹಣೆ ಚಚ್ಚಿಕೊಂಡ. "ಥೂ ನನ್ನ! ಮೂತಿ ಚಳಿಗಾಲಕ್ಕೆ ತಿರುಗಿಸಿದ್ರೆ ಹೊಗೆ ಪೈಪಿನ ಪಕ್ಕದ ಬಿಸಿ ಗಾಳಿ ಎಳ್ಕೊಳ್ಳುತ್ತೆ. ಗಡ್ಡೆ ಕಟ್ಟೋ ಪ್ರಶ್ನೆಯೇ ಇಲ್ಲ! ಹಲ್ಲಿನ ಡಾಕ್ಟ್ರು ಇದನ್ನ ಮುಟ್ಟೇ ಇಲ್ಲ ಸಾರ್."

"ನೀನೂ ಮುಟ್ಟಲಿಲ್ವಲ್ಲೋ," ಎಂದರು ಡಿಗ್ರಿಯಪ್ಪನವರು.

ಮೂತಿಯನ್ನು ಹಿಡಿದಿಟ್ಟ ನಟ್ಟು ತುಕ್ಕು ತಿಂದು ಅಲ್ಲಾಡಲಿಲ್ಲ. ಕ್ಷೌರದವನು ಬಿಸಿನೀರಿನ ಪಾತ್ರೆ ತಂದು ಸುರಿದ. ಮೆಕ್ಯಾನಿಕ್ಕು ಸ್ಪ್ಯಾನರು ಹಾಕಿ ತೂಗಿಬಿದ್ದ. ಮೇಡಂ ಟಾರ್ಚು ಹಿಡಿದರು. ನಟ್ಟು ಕಿರ್ ಎಂದು ಸಡಿಲಾಯಿತು, ಮೂತಿ ತಿರುಗಿತು, ಡಬ್ಬಿ ಮತ್ತೆ ತನ್ನ ಜಾಗದಲ್ಲಿ ಕೂತಿತು. ಡಿಗ್ರಿಯಪ್ಪನವರು ಕೀಲಿ ತಿರುಗಿಸಿದರು, ಕಾರು ಎದ್ದಿತು. ಮೇಡಂ ಮತ್ತೆ ಡ್ರೈವರಿನ ಬಾಗಿಲಿನಿಂದಲೇ ನುಸುಳಿ ಒಳಗೆ ಹೋದರು.

ಎಂಟಕ್ಕೆ ಅರ್ಧ ನಿಮಿಷವಿರುವಾಗ ಡಿಗ್ರಿಯಪ್ಪನವರು ಜಾಲರಿ ಪೆಟ್ಟಿಗೆಯ ಮುಂದಿದ್ದರು. ಉಷ್ಣಾಂಶ ಐದು ಡಿಗ್ರಿ, ತೇವಾಂಶ ತೊಂಬತ್ತೇಳು. ಹೆಗಲ ಮೇಲಿನಿಂದ ಬಗ್ಗಿ ನೋಡಿದ ಮೇಡಂ, "ನಾಳೆಯ ಮುನ್ಸೂಚನೆ ಬರೆಯೋ ಮುಂಚೆ ನಿಮ್ಮ ಮೊಣಕಾಲನ್ನೊಂದ್ಸಲ ಕೇಳಿ ಹೇಳಿ," ಎಂದು ಹೇಳಿ ಒಳಗೆ ಹೋದರು. ದಾಖಲೆ ಕೋಣೆಯ ಮಾತು ಮತ್ತೆ ಯಾರೂ ಎತ್ತಲಿಲ್ಲ.

ಅಲ್ಲಿಂದಾಚೆ ಎಂಥ ಮಂಜಿನಲ್ಲೂ ಕಾರು ನಿಲ್ಲಲಿಲ್ಲ. ಡಿಗ್ರಿಯಪ್ಪನವರು ಬೀದಿಯಲ್ಲಿ ಮತ್ತೆ ಎದೆ ಉಬ್ಬಿಸಿ ನಡೆದರು. ಕಾರು ನಿಲ್ಲದ ಮೇಲೆ ಶೇವಿಂಗಿಗೆ ಸಮಯವೆಲ್ಲಿ? ಮೂರು ವಾರದಲ್ಲಿ ಅವರ ಗಲ್ಲ ಮೊದಲಿನ ಹಾಗೇ ಪೊರಕೆಯಾಯಿತು. ಹೆಂಡತಿ ಒಂದೆರಡು ಸಲ ಹೇಳಿ ನೋಡಿದರು. "ಶನಿವಾರ ತೆಗೀತೀನಿ ಕಣೇ," ಎಂದರು ಇವರು. ಯಾವ ಶನಿವಾರ ಎಂದು ಹೇಳಲಿಲ್ಲ.

ಆಮೇಲೆ ಒಂದು ರಜೆಯ ದಿನ. ಎಂಟರ ಓದು ಮುಗಿಸಿ ಮನೆಗೆ ಬಂದು, ಗುಡ್ಡದಾಚೆಯ ಊರಿನಲ್ಲಿದ್ದ ಹೆಂಡತಿಯ ಅಕ್ಕನ ಮನೆಗೆ ಊಟಕ್ಕೆ ಹೊರಟಿದ್ದರು. ಆಗಲೂ ಒಳ್ಳೆ ಮಂಜು. ಹೆಂಡತಿ ಇವರಿಗಿಂತ ಮುಂಚೆಯೇ ಸಿದ್ಧರಾಗಿ, ಕಾರಿನ ಹತ್ತಿರ ಏನೋ ಕೆಲಸವಿದ್ದವರ ಹಾಗೆ ಓಡಾಡಿ, ಕೈ ತೊಳೆದು ಬಂದು ಕೂತಿದ್ದರು. ಕಾರು ನಾಲ್ಕು ಕಿಲೋಮೀಟರು ನೆಟ್ಟಗೆ ಓಡಿತು. ತಿರುವಿನಲ್ಲಿ ಕೆಮ್ಮಿತು, ಬಿಕ್ಕಳಿಸಿತು, ನಿಂತಿತು.

"ಇದೇನಾಯ್ತಪ್ಪ!" ಎಂದು ಡಿಗ್ರಿಯಪ್ಪನವರು ಇಳಿದು ಬಾನೆಟ್ಟು ಎತ್ತಿದರು. ಡಬ್ಬಿಯ ಮೂತಿ ಬೇಸಿಗೆಯ ಕಡೆ ತಿರುಗಿತ್ತು. ನಟ್ಟಿನ ಮೇಲೆ ಅಡುಗೆಮನೆಯ ಇಕ್ಕಳದ ಗೀರುಗಳಿದ್ದವು.

ಅವರು ಬಾನೆಟ್ಟಿನ ಪಕ್ಕದಿಂದ ತಲೆ ಹೊರಹಾಕಿ ನೋಡಿದರು. ಹೆಂಡತಿ ಕಿಟಕಿಯಾಚೆಯ ಮಂಜನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದರು.

"ಹೇಗೂ ನಿಂತಿದೆಯಲ್ಲ, ಹತ್ತು ನಿಮಿಷ ಆಗುತ್ತೆ," ಎಂದರು ಮುಖ ತಿರುಗಿಸದೆ. "ಒಳಗೆ ಹೋಗಿ ಕೂತ್ಕೊಳ್ಳಿ. ಆ ಲೋಷನ್ನೂ ಹಾಕಿಸ್ಕೊಂಡೇ ಬನ್ನಿ."

ಡಿಗ್ರಿಯಪ್ಪನವರು ಬಾನೆಟ್ಟು ಮೆಲ್ಲಗೆ ಮುಚ್ಚಿ, ಗಲ್ಲ ಸವರಿಕೊಳ್ಳುತ್ತ ಅಂಗಡಿಯ ಕಡೆ ನಡೆದರು.